ಒಂಬತ್ತನೇ ಕಲಮಿಗೆ ಎತ್ತಿದ ಕೈ

ಫೆಬ್ರವರಿ 3

ಮೇಲ್ಮನೆಯ ಮಾನ್ಯ ಸದಸ್ಯರಿಗೆ,
ಆಸನ ಸಂಖ್ಯೆ ನಲವತ್ತೊಂದು.

ನಿಮ್ಮನ್ನು ಬಹುವಚನದಲ್ಲಿ ಕರೆದು ನನಗೆ ಅಭ್ಯಾಸವಿಲ್ಲ. ಆದರೆ ಫೋನು ಮಾಡಿದಾಗಲೆಲ್ಲ "ಸಭೇಲಿದೀನಿ, ಆಮೇಲೆ ಮಾತಾಡ್ತೀನಿ" ಅನ್ನುತ್ತೀರಿ. ಆ 'ಆಮೇಲೆ' ನಾಲ್ಕು ವರ್ಷದಿಂದ ಬಂದಿಲ್ಲ. ನಾಗರಿಕರು ಬರೆದ ಪತ್ರಕ್ಕೆ ಸದಸ್ಯರು ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕೆಂಬ ನಿಯಮ ನಿಮ್ಮಲ್ಲಿದೆಯಂತೆ. ಮಗಳಿಗೆ ಸಿಗದ್ದು ನಾಗರಿಕಳಿಗಾದರೂ ಸಿಗುತ್ತದೋ ನೋಡೋಣ.

ಕಳೆದ ಮಂಗಳವಾರ ಗ್ರಂಥಾಲಯದ ಲಿಫ್ಟಿನ ಬಾಗಿಲು ಸಿಕ್ಕಿಕೊಂಡಿದೆಯೆಂದು ನಾನೂ ನಿಮ್ಮ ಹಳೇ ಜೊತೆಗಾರ ಗ್ರೀಸ್ ಮಾವನೂ ಹೋಗಿದ್ದೆವು. ಕೆಲಸ ಮುಗಿಸಿ ಎದುರಿನ ಚಹಾದಂಗಡಿಯಲ್ಲಿ ಕೂತಾಗ ಟಿವಿಯಲ್ಲಿ ಮೇಲ್ಮನೆ ಬರುತ್ತಿತ್ತು. 'ಯಂತ್ರ ಪರೀಕ್ಷೆ ಸರಳೀಕರಣ ಮಸೂದೆ' ಎಂದು ಅಕ್ಷರ ಓಡುತ್ತಿತ್ತು. ಅಧ್ಯಕ್ಷರು ಪರವಾಗಿರುವವರು ಕೈ ಎತ್ತಿ ಎಂದರು. ಕ್ಯಾಮೆರಾ ಸಾಲಿನುದ್ದಕ್ಕೂ ಹೋಯಿತು. ಮುಖ ಯಾವುದೂ ಸರಿಯಾಗಿ ಕಾಣಲಿಲ್ಲ, ಕೈ ಮಾತ್ರ ಕಂಡವು. ಒಂದು ಕೈಯ ಉಂಗುರ ಬೆರಳು ಅರ್ಧವೇ ಇತ್ತು.

ಮಾವ ಲೋಟ ಕೆಳಗಿಟ್ಟು, "ಏಯ್, ನಮ್ಮೋನ ಕೈ ಕಣೇ ಅದು!" ಎಂದ. ಖುಷಿಯಿಂದಲೇ ಅಂದ. ಮಸೂದೆಯಲ್ಲಿ ಏನಿದೆಯೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ಬೆರಳು ಮಾಡಿ ತೋರಿಸಿದ.

ಆ ಅರ್ಧ ಬೆರಳು ಎಲ್ಲಿ ಹೋಯಿತೆಂದು ನಿಮಗೆ ನಾನು ನೆನಪಿಸಬೇಕೇ? ಲಿಫ್ಟಿನ ರಾಟೆಗೂ ಹಗ್ಗಕ್ಕೂ ನಡುವೆ. ಆಗ ಲಿಫ್ಟುಗಳಿಗೆ ತಪಾಸಣೆ ಎಂಬುದೇ ಇರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡೇ ನೀವೂ ಮಾವನೂ ಕಸುಬಿನವರನ್ನೆಲ್ಲ ಕೂಡಿಸಿ ಹನ್ನೊಂದು ದಿನ ಊರಿನ ಒಂದು ಲಿಫ್ಟೂ ಓಡದಂತೆ ಮಾಡಿದಿರಿ. ವರ್ಷಕ್ಕೆರಡು ಸಲ ಸರ್ಕಾರಿ ತಪಾಸಕ ಬಂದು ನೋಡಬೇಕೆಂಬ ಕಾನೂನು ಬಂದದ್ದು ಹಾಗೆ. ನಿಮ್ಮನ್ನು ಕಸುಬುಗಳ ಪ್ರತಿನಿಧಿಯೆಂದು ಮೇಲ್ಮನೆಗೆ ನೇಮಿಸಿದ್ದೂ ಆ ಹೆಸರಿನಿಂದಲೇ.

ಈ ಮಸೂದೆಯ ಒಂಬತ್ತನೇ ಕಲಮಿನ ಪ್ರಕಾರ ಇನ್ನು ತಪಾಸಕ ಬೇಡ. 'ಎಲ್ಲವೂ ಸುಸ್ಥಿತಿಯಲ್ಲಿದೆ' ಎಂದು ಕಟ್ಟಡದ ಮಾಲೀಕ ತಾನೇ ಬರೆದು ತಾನೇ ಸಹಿ ಹಾಕಿದರೆ ಸಾಕು.

ನನ್ನದು ಒಂದೇ ಪ್ರಶ್ನೆ. ಕೈ ಯಾಕೆ ಎತ್ತಿದಿರಿ?

ಇಂತಿ,
ಒಬ್ಬ ಲಿಫ್ಟ್ ಮೆಕ್ಯಾನಿಕ್
(ಮಗಳು ಎಂದು ಬರೆದರೆ ಖಾಸಗಿ ಪತ್ರವೆಂದು ನಿಮ್ಮ ಕಚೇರಿಯವರು ಬದಿಗಿಟ್ಟಾರು.)


ಫೆಬ್ರವರಿ 27

ಮಾನ್ಯ ನಾಗರಿಕರೇ,

ತಮ್ಮ ಪತ್ರ ತಲುಪಿದೆ. ತಾವು ಪ್ರಸ್ತಾಪಿಸಿರುವ ವಿಷಯವನ್ನು ಮಾನ್ಯ ಸದಸ್ಯರು ಗಂಭೀರವಾಗಿ ಪರಿಗಣಿಸಿರುತ್ತಾರೆ. ಸದರಿ ಮಸೂದೆಯು ಅನಗತ್ಯ ವಿಳಂಬವನ್ನು ನಿವಾರಿಸುವ ಸದುದ್ದೇಶ ಹೊಂದಿರುತ್ತದೆ. ತಮಗೂ ತಮ್ಮ ಕುಟುಂಬದವರಿಗೂ ಸದಸ್ಯರ ಶುಭ ಹಾರೈಕೆಗಳು.

ಇಂತಿ,
ಆಪ್ತ ಸಹಾಯಕರು, ಆಸನ ಸಂಖ್ಯೆ 41


ಮಾರ್ಚ್ 4

ಅಪ್ಪ,

ಬಹುವಚನ ಇಲ್ಲಿಗೆ ಮುಗಿಯಿತು.

ನನ್ನ ಕುಟುಂಬದವರಿಗೆ ನಿನ್ನ ಶುಭ ಹಾರೈಕೆ ತಲುಪಿತು. ನನ್ನ ಕುಟುಂಬವೆಂದರೆ ಯಾರು ಹೇಳು. ಅಮ್ಮ ಹೋದಾಗ ನನಗೆ ಆರು ವರ್ಷ. ನೀನು ಸಂಘ, ಸಭೆ, ಮುಷ್ಕರ ಎಂದು ಓಡಾಡುತ್ತಿದ್ದಾಗ ನನಗೆ ಜಡೆ ಹಾಕಿದವಳು ಗ್ರೀಸ್ ಮಾವನ ಹೆಂಡತಿ. ಅತ್ತೆಗೆ ನಿನ್ನ ಕಚೇರಿಯ ಕಾಗದ ಓದಿ ಹೇಳಿದೆ. "ಸದರಿ ಅಂದ್ರೆ ಏನೇ?" ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ.

ಒಂದು ಸುದ್ದಿ ಹೇಳುತ್ತೇನೆ, ಗಂಭೀರವಾಗಿ ಪರಿಗಣಿಸು. ಹಲ್ಲಿನ ಡಾಕ್ಟರುಗಳೆಲ್ಲ ಇರುವ ಆರು ಮಹಡಿಯ ಹಳೇ ಕಟ್ಟಡ ಗೊತ್ತಲ್ಲ, ಅಲ್ಲಿನ ಲಿಫ್ಟಿನ ಬ್ರೇಕ್ ಹಿಡಿಯುವ ಪಟ್ಟಿ, ಆ ಲೈನಿಂಗ್, ಸವೆದು ಒಳಗಿನ ರಿವೆಟ್ ಕಾಣುತ್ತಿದೆ. ಡಿಸೆಂಬರಿನಲ್ಲಿ ತಪಾಸಕ ಬಂದಾಗ ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಮಾರ್ಚಿಯೊಳಗೆ ಬದಲಾಯಿಸಬೇಕು, ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಹೋಗಿದ್ದ. ಈಗ ಮಾರ್ಚಿ ಬಂದಿದೆ, ತಪಾಸಕ ಬರುವುದಿಲ್ಲ. ಅವನನ್ನು ಕಡತ ಜೋಡಿಸುವ ಕೆಲಸಕ್ಕೆ ಹಾಕಿದ್ದಾರೆ. ಮಾಲೀಕನಿಗೆ ನಾನು ನೆನಪಿಸಿದರೆ, "ಕಾನೂನೇ ಬದಲಾಯ್ತಲ್ಲಮ್ಮ, ನಿಮ್ಮಪ್ಪನ್ನೇ ಕೇಳು" ಎಂದು ನಕ್ಕ.

ಕೇಳುತ್ತಿದ್ದೇನೆ.

ಇಂತಿ,
ನಿನ್ನ ಮಗಳು


ಮಾರ್ಚ್ 19

ಮಗಳೇ,

ಆ ಉತ್ತರ ಬರೆದದ್ದು ಕಚೇರಿಯವರು, ನಾನು ನೋಡಿರಲಿಲ್ಲ. ನಿನ್ನ ಪತ್ರದ ಧಾಟಿ ಮಾತ್ರ ನೋಡಿದೆ. ಟಿವಿಯಲ್ಲಿ ಒಂದು ಕೈ ಕಂಡದ್ದಕ್ಕೆ ಇಡೀ ಮನುಷ್ಯನನ್ನು ತೂಗಿ ಬಿಸಾಡುವಷ್ಟು ದೊಡ್ಡವಳಾದೆಯಾ?

ಇಲ್ಲಿ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಿಲ್ಲ. ಕೆಳಮನೆಯಿಂದ ಆ ಮಸೂದೆ ನಮ್ಮ ಮೇಜಿಗೆ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ನೂರ ಹನ್ನೆರಡು ಪುಟ. ಹನ್ನೊಂದೂವರೆಗೆ ಚರ್ಚೆ, ಹನ್ನೆರಡಕ್ಕೆ ಮತ. ಓದಲು ಸಮಯವೆಲ್ಲಿತ್ತು? ಸಚೇತಕ ಬೆಳಿಗ್ಗೆಯೇ ಸಾಲುಸಾಲಿಗೆ ಬಂದು "ಯಜಮಾನ್ರೇ, ಇವತ್ತು ಪರ" ಎಂದು ಭುಜ ತಟ್ಟಿ ಹೋಗುತ್ತಾನೆ. ಜನರಿಂದ ಆರಿಸಿ ಬಂದವರಾದರೆ ಎದುರು ಮಾತಾಡಬಹುದು. ನಾನು ನೇಮಕವಾದವನು. ನನ್ನ ಬೆನ್ನ ಹಿಂದೆ ಯಾರಿದ್ದಾರೆ? ಕೂರಿಸಿದವರು ಏಳು ಎಂದರೆ ಎದ್ದು ಹೋಗಬೇಕಾದವನು.

ಸ್ವಲ್ಪ ತಾಳ್ಮೆಯಿರಲಿ. ಮಾಲೀಕರೂ ಮನುಷ್ಯರೇ.

ಇಂತಿ,
ಅಪ್ಪ


ಮೇ 12

ಅಪ್ಪ,

ಗ್ರೀಸ್ ಮಾವ ಹೋದ.

ಮೊನ್ನೆ ಮಧ್ಯಾಹ್ನ ಎರಡೂವರೆಗೆ, ಹಲ್ಲಿನ ಡಾಕ್ಟರುಗಳ ಕಟ್ಟಡದಲ್ಲಿ. ಊರಿನವರೆಲ್ಲ ಲಿಫ್ಟ್ ಬಿತ್ತು ಎಂದು ಮಾತಾಡುತ್ತಿದ್ದಾರೆ. ಬೀಳಲಿಲ್ಲ ಎಂದು ನಿನಗೆ ನಾನು ಹೇಳಬೇಕಿಲ್ಲ. ಖಾಲಿ ಲಿಫ್ಟಿಗಿಂತ ಹಗ್ಗದ ಇನ್ನೊಂದು ತುದಿಯ ಕೌಂಟರ್ ವೇಯ್ಟಿನ ತೂಕ ಹೆಚ್ಚು. ಬ್ರೇಕ್ ಕೈಬಿಟ್ಟರೆ ಖಾಲಿ ಲಿಫ್ಟ್ ಮೇಲಕ್ಕೆ, ಛಾವಣಿಗೇ ಹೋಗಿ ಬಡಿಯುತ್ತದೆ. ಮಾವ ಐದನೇ ಮಹಡಿಯ ಹತ್ತಿರ ಅದರ ನೆತ್ತಿಯ ಮೇಲೆ ಮಂಡಿಯೂರಿ ಕೂತು ಬಾಗಿಲಿನ ಬೋಲ್ಟ್ ಬಿಗಿ ಮಾಡುತ್ತಿದ್ದ. ಮೇನ್ ಸ್ವಿಚ್ ಆಫ್ ಮಾಡಿದ್ದ, ಮೋಟಾರ್ ರೂಮಿಗೆ ಬೀಗ ಹಾಕಿದ್ದ, ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದ್ದ. ಸವೆದ ಲೈನಿಂಗೊಂದನ್ನು ಬಿಟ್ಟರೆ ಅವನನ್ನು ಹಿಡಿದು ನಿಲ್ಲಿಸಿಕೊಳ್ಳಲು ಆ ಲಿಫ್ಟಿನ ಬಾವಿಯಲ್ಲಿ ಬೇರೇನೂ ಇರಲಿಲ್ಲ.

ನಾನು ನೆಲಮಹಡಿಯಲ್ಲಿ ನಿಂತಿದ್ದೆ. ಹಗ್ಗ ಸರಿದ ಸದ್ದು ಕೇಳಿತು. "ಮಾವಾ" ಎಂದು ಕೂಗಿದೆ. "ಏ..." ಎಂದ. ಅಷ್ಟೇ.

ಆಫೀಸಿನ ಗೋಡೆಯ ಮೇಲೆ ಮಾಲೀಕನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಎಲ್ಲವೂ ಸುಸ್ಥಿತಿಯಲ್ಲಿದೆ.

ನಿನ್ನೆ ಅಂತ್ಯಕ್ರಿಯೆಯಾಯಿತು; ನಿನ್ನ ಕಚೇರಿಗೆ ಮೊನ್ನೆಯೇ ಫೋನು ಮಾಡಿ ತಿಳಿಸಿದ್ದೆ. ಅತ್ತೆ ಎರಡು ಸಲ ಬಾಗಿಲ ಕಡೆ ನೋಡಿ, "ಅವನು ಬರ್ತಾನೇನೇ?" ಎಂದು ಕೇಳಿದಳು. ಮೂರನೇ ಸಲ ಕೇಳಲಿಲ್ಲ.

ಮಾಲೀಕರೂ ಮನುಷ್ಯರೇ ಎಂದು ಬರೆದಿದ್ದೆಯಲ್ಲ. ಆ ಕಾಗದ ನನ್ನ ಹತ್ತಿರ ಇದೆ.

ಮಗಳು


ಜೂನ್ 8

ಮಗಳೇ,

ಅಧಿವೇಶನವಿತ್ತು ಎಂದು ಬರೆದು ಆ ಹಾಳೆಯನ್ನು ಹರಿದೆ. ಬಂದರೆ ನಿನ್ನ ಅತ್ತೆಯ ಮುಖ ನೋಡಬೇಕಿತ್ತು, ಅದಕ್ಕೇ ಬರಲಿಲ್ಲ. ಅವನ ಜೊತೆ ಮೂವತ್ತೆರಡು ವರ್ಷ ಒಂದೇ ಡಬ್ಬಿಯಿಂದ ಸ್ಪ್ಯಾನರ್ ತೆಗೆದವನು ನಾನು.

ಕಳೆದ ವಾರ ಸದನದಲ್ಲಿ ಎದ್ದು ನಿಂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೂ ಹೇಳಿಕೊಡದೆ ಎದ್ದದ್ದು. ಒಬ್ಬ ಮೆಕ್ಯಾನಿಕ್ ಸತ್ತಿದ್ದಾನೆ, ನಾವು ಒಪ್ಪಿದ ಕಾನೂನಿನಿಂದ ಸತ್ತಿದ್ದಾನೆ ಎಂದೆ. ಅಧ್ಯಕ್ಷರು "ಸ್ಥಳೀಯ ವಿಷಯ, ಕಡತಕ್ಕೆ ಹೋಗುವುದಿಲ್ಲ" ಎಂದು ಮುಂದಿನವರನ್ನು ಕರೆದರು. ನನ್ನ ಮುಂದಿನ ಮೈಕಿನ ಕೆಂಪು ದೀಪ ಆರಿತು. ದೀಪ ಆರಿದ ಮೇಲೂ ನಾನು ಕೂಗಾಡುತ್ತಿದ್ದೆನಂತೆ. ಪಕ್ಕದ ಆಸನದ ನಿವೃತ್ತ ನ್ಯಾಯಾಧೀಶರು ಅಂಗಿ ಹಿಡಿದು ಕೂರಿಸಿದರು. ಆಮೇಲೆ ಪಡಸಾಲೆಯಲ್ಲಿ, "ಕೂಗಿದ್ರೆ ಏನೂ ಆಗಲ್ಲ ಮೇಸ್ತ್ರೀ, ನಿಯಮ ಬದಲಾಯಿಸೋ ನಿರ್ಣಯ ತನ್ನಿ. ಬರೆಯೋಕೆ ನಾನು ಸಹಾಯ ಮಾಡ್ತೀನಿ" ಎಂದರು.

ಬರೆಯುತ್ತಿದ್ದೇವೆ. ಮಸೂದೆ ಬಂದು ಇಪ್ಪತ್ತೊಂದು ದಿನ ಆಗುವವರೆಗೆ ಅದನ್ನು ಮತಕ್ಕೆ ಹಾಕುವಂತಿಲ್ಲ. ಯಾರ ಬದುಕಿಗೆ ಅದು ತಟ್ಟುತ್ತದೋ ಅವರನ್ನು ಸದನಕ್ಕೇ ಕರೆಸಿ ಕೇಳಬೇಕು. ಹೀಗೆ ಗುಂಪಿನಲ್ಲಿ ಕೈ ಎತ್ತುವ ಬದಲು ಒಬ್ಬೊಬ್ಬರ ಹೆಸರು ಕೂಗಿ ಮತ ದಾಖಲಿಸಬೇಕು. ಇನ್ನು ನನ್ನಂಥವರ ಆಸನಗಳು. ಕಸುಬಿನ ಪ್ರತಿನಿಧಿಯನ್ನು ಆ ಕಸುಬಿನವರೇ ಮತ ಹಾಕಿ ಕಳಿಸಬೇಕು.

ಮೇಲ್ಮನೆಯೆಂದರೆ ಲಿಫ್ಟಿನ ಬ್ರೇಕ್ ಇದ್ದ ಹಾಗೆ. ಸವೆದಿದೆಯೆಂದು ಬ್ರೇಕನ್ನೇ ಕಿತ್ತು ಹಾಕುವುದಿಲ್ಲ, ಲೈನಿಂಗ್ ಬದಲಾಯಿಸುತ್ತೇವೆ.

ಇಂತಿ,
ಅಪ್ಪ


ಜೂನ್ 20

ಅಪ್ಪ,

ಬ್ರೇಕು, ಲೈನಿಂಗು ಎಂಬ ಹೋಲಿಕೆಯನ್ನು ನಿನ್ನ ನ್ಯಾಯಾಧೀಶರಿಗೆ ಹೇಳು, ಅವರು ತಲೆದೂಗಿಯಾರು. ಲೈನಿಂಗಿನ ಪುಡಿಯನ್ನು ಮಾವನ ಅಂಗಿಯಿಂದ ಕೊಡವಿದವಳು ನಾನು.

ನಿನ್ನೆ ಕಾರ್ಮಿಕರ ಮೆರವಣಿಗೆಗೆ ಹೋಗಿದ್ದೆ. 'ಮೇಲ್ಮನೆ ಮುಚ್ಚಿ' ಎಂಬ ಫಲಕ ಹಿಡಿದದ್ದು ನಾನೇ. ಆರಿಸಿದವರಿಲ್ಲ, ಕೇಳುವವರಿಲ್ಲ, ಓದುವವರೂ ಇಲ್ಲ. ಅಂಥ ಮನೆ ಯಾಕಿರಬೇಕು? ಮೆರವಣಿಗೆ ಮುಗಿದ ಮೇಲೆ ಒಬ್ಬ ಬಸ್ ಕಂಡಕ್ಟರು, "ಮುಚ್ಚಿದ್ರೆ ಕೆಳಮನೆಯವ್ರು ಬೆಳಿಗ್ಗೆ ತಂದು ಬೆಳಿಗ್ಗೇನೇ ಮುಗಿಸ್ತಾರಲ್ಲಮ್ಮ, ಆಗ ಯಾರನ್ನ ಬೈತೀಯಾ?" ಎಂದ. ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬಂತು.

ಇನ್ನೊಂದು. ಓದಲು ಸಮಯವಿರಲಿಲ್ಲ ಎಂದು ಬರೆದಿದ್ದೆ. ಒಂಬತ್ತನೇ ಕಲಮು ಅರ್ಧ ಪುಟ. ನೀನು ದಿನಪತ್ರಿಕೆಯಲ್ಲಿ ಕಳೆದುಹೋದ ಕೊಡೆಯ ಜಾಹೀರಾತನ್ನೂ ಬಿಡದೆ ಓದುವವನು. ಸೂಚಿಪುಟದಲ್ಲಿ 'ಲಿಫ್ಟ್' ಎಂಬ ಪದ ಕಂಡೂ ಆ ಪುಟ ತೆರೆಯಲಿಲ್ಲವೆಂದು ನಾನು ನಂಬಬೇಕಾ?

ಮಗಳು


ಆಗಸ್ಟ್ 25

ಮಗಳೇ,

ನಿನ್ನ ಪ್ರಶ್ನೆಗೆ ಉತ್ತರ ಈ ಪತ್ರದಲ್ಲಿಲ್ಲ. ಬೈದುಕೋ.

ನಿರ್ಣಯಕ್ಕೆ ಇಪ್ಪತ್ತು ಸಹಿ ಬೇಕಿತ್ತು. ಮೊದಲ ತಿಂಗಳು ಮೂರು ಸಿಕ್ಕವು. ಒಬ್ಬ ಮಾಜಿ ಕ್ರೀಡಾಪಟುವಿನ ಹತ್ತಿರ ಏಳು ಸಲ ಹೋದೆ. ಎಂಟನೇ ಸಲ, "ಯಜಮಾನ್ರೇ, ನಮ್ಮ ಕುರ್ಚಿಯ ಕಾಲನ್ನ ನಾವೇ ಕೊಯ್ಯೋದಾ?" ಎಂದ. ಅದಕ್ಕೆ ನಾನು ಕಡತಕ್ಕೆ ಹೋಗಲಾರದ ಮಾತು ಆಡಿದೆ. ಆಶ್ಚರ್ಯವೆಂದರೆ ಸಹಿ ಹಾಕಿದ. ಸಚೇತಕ ಈಗ ನನ್ನ ಭುಜ ತಟ್ಟುವುದಿಲ್ಲ. ನನ್ನ ಕೋಣೆಯನ್ನು ಕಿತ್ತುಕೊಂಡು ನೆಲಮಾಳಿಗೆಯಲ್ಲಿ, ಹಳೇ ಕುರ್ಚಿಗಳ ನಡುವೆ ಜಾಗ ಕೊಟ್ಟಿದ್ದಾರೆ. ಪರವಾಗಿಲ್ಲ, ನನಗೆ ಮೋಟಾರ್ ರೂಮಿನ ಅಭ್ಯಾಸ.

ಇಪ್ಪತ್ತೆರಡು ಸಹಿ ಆದವು. ನಿರ್ಣಯವನ್ನು ಮತಕ್ಕೆ ಹಾಕುವ ಮುನ್ನ ಒಂದು ಪ್ರಯೋಗ ನಡೆಯಲಿ ಎಂದು ಸಮಿತಿ ಒಪ್ಪಿದೆ. ಈಗಾಗಲೇ ಜಾರಿಯಲ್ಲಿರುವ ಒಂದು ಕಾನೂನಿನ ಬಗ್ಗೆ ಜನರನ್ನು ಸದನಕ್ಕೆ ಕರೆಸಿ ಕೇಳುವುದು. ಕರೆಸಿಕೊಂಡವರು ಸದಸ್ಯರನ್ನು ಪ್ರಶ್ನಿಸಲೂಬಹುದು. ಯಂತ್ರ ಪರೀಕ್ಷೆಯ ಕಾನೂನೇ ಆಗಲಿ ಎಂದು ಪಟ್ಟು ಹಿಡಿದೆ. ಅಕ್ಟೋಬರ್ ಹನ್ನೆರಡಕ್ಕೆ. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲು ನಿನ್ನನ್ನು ಬರೆಸಿದ್ದೇನೆ.

ಕಾಗದದಲ್ಲಿ ಬೈದದ್ದನ್ನು ಅಲ್ಲಿ ನಿಂತು ಬೈ.

ಇಂತಿ,
ಅಪ್ಪ


ಸೆಪ್ಟೆಂಬರ್ 9

ಅಪ್ಪ,

ನನ್ನನ್ನು ಕೇಳದೆ ಪಟ್ಟಿಗೆ ಸೇರಿಸಿದೆಯಲ್ಲ, ಇದೇ ನಿಮ್ಮ ಮನೆಯ ರೋಗ. ನಮ್ಮ ಬದುಕಿಗೆ ತಟ್ಟುವುದನ್ನು ನಮ್ಮನ್ನು ಕೇಳದೇ ತೀರ್ಮಾನಿಸುವುದು.

ಬರುವುದಿಲ್ಲ ಎಂದು ಬರೆಯಲು ಕೂತಿದ್ದೆ. ಮಗಳು ಬಂದು ಅತ್ತು ಕರೆದು, ಅಪ್ಪ ತಲೆ ತಗ್ಗಿಸಿ, ನೋಡಿದವರೆಲ್ಲ ಕಣ್ಣೊರೆಸಿಕೊಂಡು, ನಿನ್ನ ಅಂಗಿಯ ಕೊಳೆ ನನ್ನ ಕೈಯಲ್ಲಿ ತೊಳೆಸುವ ಉಪಾಯ ಇದು ಎನಿಸಿತು. ಅತ್ತೆಗೂ ಹಾಗೆಯೇ ಹೇಳಿದೆ. ಅವಳು ಹೊಲಿಗೆಯಂತ್ರ ತುಳಿಯುತ್ತಿದ್ದವಳು ನಿಲ್ಲಿಸಿ, "ನೀನು ಹೋಗದಿದ್ರೆ ಬಿಡು, ನಾನು ಹೋಗ್ತೀನಿ. ಅಷ್ಟು ಜನ ಸೇರಿ ನನ್ನ ಗಂಡನ್ನ ಏನು ಮಾಡಿದ್ರು ಅಂತ ಕೇಳೋಕೆ ನನಗೆ ಯಾರ ಅಪ್ಪಣೇನೂ ಬೇಡ" ಎಂದಳು.

ಅವಳನ್ನು ಒಬ್ಬಳೇ ಕಳಿಸಲಾರೆ. ಬರುತ್ತೇವೆ. ಅಲ್ಲಿ ನಾನು ನಿನ್ನನ್ನು ಅಪ್ಪ ಎನ್ನುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. ಮೊದಲೇ ಹೇಳುವುದಿಲ್ಲ.

ಮಗಳು


ಅಕ್ಟೋಬರ್ 15

ಮಗಳೇ,

ನೀನು ತಿರುಗಿ ನೋಡದೆ ನಿನ್ನ ಅತ್ತೆಯ ಕೈ ಹಿಡಿದು ಹೊರಟುಹೋದೆ. ಆಮೇಲೆ ಏನಾಯಿತೆಂದು ತಿಳಿಯುವ ಹಕ್ಕು ನಿನಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನನ್ನದು. "ನಲವತ್ತೊಂದನೇ ಆಸನದವರು ಒಂಬತ್ತನೇ ಕಲಮು ಓದಿದ್ರಾ?" ಎಂದು ನೀನು ಕೇಳಿದಾಗ ಅಧ್ಯಕ್ಷರು, ಸದಸ್ಯರು ಉತ್ತರಿಸಲೇಬೇಕೆಂದಿಲ್ಲ ಎಂದರು. ಅಷ್ಟು ಸಾಕಿತ್ತು ನನಗೆ, ಕೂತೇ ಇರಬಹುದಿತ್ತು. ನೀನು ಕೆಲಸದ ಅಂಗಿಯಲ್ಲೇ ಬಂದಿದ್ದೆ. ತೋಳಿನ ಮೇಲೆ ಎಣ್ಣೆಯ ಕಲೆ. ಎದ್ದೆ. "ಓದಿದ್ದೆ" ಎಂದೆ. "ಅರ್ಥ ಆಗಿತ್ತಾ?" "ಆಗಿತ್ತು." "ಮತ್ತೆ ಕೈ ಯಾಕೆ ಎತ್ತಿದ್ರಿ?"

ಫೆಬ್ರವರಿಯಿಂದ ನೀನು ಕೇಳುತ್ತಿದ್ದುದು ಅದನ್ನೇ. ಸಮಯವಿರಲಿಲ್ಲ, ಸಚೇತಕ ಹೇಳಿದ, ನೇಮಕವಾದವನು ಎಂದು ನಿನಗೆ ಬರೆದದ್ದೆಲ್ಲ ನಿಜವೇ. ಆದರೆ ಅದೆಲ್ಲ ಕಾರಣವಲ್ಲ. ನನ್ನ ಅವಧಿ ಮುಂದುವರಿಸುವ ಪಟ್ಟಿ ಆ ವಾರವೇ ಹೊರಡುವುದಿತ್ತು. "ನನಗೆ ಈ ಕುರ್ಚಿ ಬೇಕಾಗಿತ್ತು" ಎಂದೆ. ನಾಲ್ಕು ಪದ. ಅದನ್ನು ಹೇಳಲು ಎಂಟು ತಿಂಗಳು ತೆಗೆದುಕೊಂಡೆ.

ನೀವು ಹೋದ ಮೇಲೆ, ಸಂಜೆ ನಾಲ್ಕಕ್ಕೆ ಮತವಾಯಿತು. ಇಪ್ಪತ್ತೊಂದು ದಿನದ ನಿಯಮ ಗೆದ್ದಿತು. ಜನರನ್ನು ಕರೆಸಿ ಕೇಳುವ ನಿಯಮ ಎರಡೇ ಮತದಿಂದ ಗೆದ್ದಿತು. ಹೆಸರು ಕೂಗಿ ಮತ ಹಾಕುವುದೂ ಗೆದ್ದಿತು. ಒಂಬತ್ತನೇ ಕಲಮನ್ನು ಮರುಪರಿಶೀಲನೆಗೆಂದು ಕೆಳಮನೆಗೆ ವಾಪಸು ಕಳಿಸಿದ್ದೇವೆ. ಅದು ಇತ್ಯರ್ಥವಾಗುವವರೆಗೆ ತಪಾಸಕರು ಮತ್ತೆ ಕೆಲಸಕ್ಕೆ ಬರುತ್ತಾರೆ.

ಕಸುಬಿನ ಆಸನಗಳಿಗೆ ಚುನಾವಣೆ ಎಂಬುದು ಮಾತ್ರ ಒಂಬತ್ತು ಮತದಿಂದ ಸೋತಿತು. ಆ ಕ್ರೀಡಾಪಟು ಎದ್ದು ನಿಂತು ವಿರೋಧವಾಗಿ ಮತ ಹಾಕಿದ. ಸಹಿ ಹಾಕಿದ ಕೈಯಲ್ಲೇ! ಇನ್ನೊಬ್ಬ, "ಜನರೇ ಆರಿಸೋದಾದ್ರೆ ನಮ್ಮನ್ನ ಯಾರ್ರೀ ಆರಿಸ್ತಾರೆ?" ಎಂದು ಗಟ್ಟಿಯಾಗಿಯೇ ಅಂದ. ಸದನ ನಕ್ಕಿತು. ನನಗೆ ಮೈ ಉರಿದುಹೋಯಿತು. ಈ ಸಲ ಅವನ ಮಾತು ಕಡತಕ್ಕೆ ಹೋಗಿದೆ, ಹೆಸರಿನ ಸಮೇತ.

ನಿನ್ನೆ ರಾಜೀನಾಮೆ ಕೊಟ್ಟೆ. ತೆರವಾದ ಆಸನಕ್ಕೆ ಹೆಸರು ಸೂಚಿಸಲು ಸಂಘ ನಮ್ಮ ಕಸುಬಿನವರಲ್ಲೇ ಮತದಾನ ಮಾಡಿಸುತ್ತದಂತೆ. ಮೇಲಿನವರು ಅದನ್ನು ಒಪ್ಪಬೇಕೆಂದು ಕಾನೂನಿಲ್ಲ. ಒಪ್ಪದಿದ್ದರೆ ಎಲ್ಲರ ಕಣ್ಣೆದುರು ಒಪ್ಪದಿರಲಿ. ನಾನು ನಿಲ್ಲುವುದಿಲ್ಲ.

ಅತ್ತೆಯನ್ನು ನೋಡಲು ಬರಬಹುದೇ? ನೀನು ಬೇಡವೆಂದರೆ ಬರುವುದಿಲ್ಲ.

ಇಂತಿ,
ಅಪ್ಪ


ಅಕ್ಟೋಬರ್ 28

ಅಪ್ಪ,

ಮೆಕ್ಯಾನಿಕ್‌ಗಳ ಡಿಪೋದಲ್ಲಿ ಸಂಘದವರು ನಿನ್ನೆ ಮತಪೆಟ್ಟಿಗೆ ಇಟ್ಟಿದ್ದರು. ಮೂರು ಜನ ನಿಂತಿದ್ದಾರೆ. ಮೂವರನ್ನೂ ಮೋಟಾರ್ ರೂಮಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಸಚೇತಕ ಭುಜ ತಟ್ಟಿದರೆ ಏನು ಮಾಡ್ತೀರಿ ಎಂದು ಒಂದು ಗಂಟೆ ಹುರಿದೆವು. ಒಬ್ಬನಿಗೆ ಕಣ್ಣಲ್ಲಿ ನೀರು ಬಂತು. ಅವನಿಗೆ ನಾನು ಮತ ಹಾಕಲಿಲ್ಲ.

ನನ್ನ ಸಿಟ್ಟು ಇಳಿದಿದೆಯೆಂದು ತಿಳಿಯಬೇಡ. ನಾಲ್ಕು ಪದ ಎಂದು ನೀನು ಎಣಿಸಿ ಬರೆದದ್ದನ್ನು ಓದಿ ಇನ್ನಷ್ಟು ಬಂತು. ನಿಯಮಗಳು ಒಳ್ಳೆಯವು. ಅವು ಒಂದು ವರ್ಷ ಮೊದಲು ಬಂದಿದ್ದರೆ ಮಾವ ಇವತ್ತು ನನ್ನ ಜೊತೆ ಗ್ರಂಥಾಲಯದ ಲಿಫ್ಟಿಗೆ ಎಣ್ಣೆ ಬಿಡುತ್ತಿದ್ದ. ನೀನೊಬ್ಬ ಕೈ ಎತ್ತದೇ ಇದ್ದಿದ್ದರೆ ಮಸೂದೆ ಸೋಲುತ್ತಿತ್ತು ಎಂದೇನೂ ಅಲ್ಲ, ಗೊತ್ತು. ಗೊತ್ತಿದ್ದರೂ ಸಿಟ್ಟು ಕೇಳುವುದಿಲ್ಲ.

ನೀನು ಬರುವ ವಿಷಯ ಅತ್ತೆಗೆ ಹೇಳಿದೆ. ಹೊಲಿಗೆಯಂತ್ರದಿಂದ ಬಟ್ಟೆ ತೆಗೆದಿಟ್ಟಳು. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅವತ್ತು ಹಿಂದಿನ ಬೆಂಚಲ್ಲಿ ಕೂರಿಸಿದ್ರಲ್ಲ, ಅವನು ಕೊನೇಲಿ ಏನಂದ ಅಂತ ನನಗೆ ಕೇಳಿಸ್ಲೇ ಇಲ್ಲ ಕಣೇ. ಎಲ್ರೂ ತಲೆ ತಗ್ಗಿಸಿದ್ದು ಕಾಣಿಸ್ತು. ಏನಂದ ಅಂತ ನೀನು ಹೇಳ್ಬೇಡ. ಅವನೇ ಬಂದು ಹೇಳ್ಲಿ."

ಹದಿನೈದು ದಿನದಿಂದ ಅವಳಿಗೆ ಗೊತ್ತಿಲ್ಲ. ಗೊತ್ತಿದೆಯೆಂದು ನಾನು ತಿಳಿದಿದ್ದೆ.

ಅಲ್ಲಿ ನೀನು ಹೇಳಿದ್ದು ಕಡತಕ್ಕೆ ಹೋಗಿದೆ. ಅವಳಿಗಿನ್ನೂ ಹೇಳಿಲ್ಲ. ಇಲ್ಲಿ ಮೈಕಿಲ್ಲ, ಉತ್ತರಿಸಬೇಕಾಗಿಲ್ಲ ಎನ್ನುವ ಅಧ್ಯಕ್ಷರೂ ಇಲ್ಲ. ಅಡುಗೆಮನೆಯಲ್ಲಿ ಅವಳು, ನೀನು, ಒಂದು ಹೊಲಿಗೆಯಂತ್ರ. ನಾನು ಹೊರಗಿರುತ್ತೇನೆ.

ಭಾನುವಾರ ಬೆಳಿಗ್ಗೆ ಬಾ. ಅವಳು ಈಗ ನನ್ನ ಜೊತೆ ಇದ್ದಾಳೆ, ನಾಲ್ಕನೇ ಮಹಡಿ. ನಮ್ಮ ಕಟ್ಟಡದ ಲಿಫ್ಟನ್ನು ತಪಾಸಕ ಬಂದು ನೋಡುವವರೆಗೆ ನಾನೇ ನಿಲ್ಲಿಸಿದ್ದೇನೆ. ಮೆಟ್ಟಿಲು ಕಡಿದಾಗಿವೆ.

ಹತ್ತಿ ಬಾ.

ನಿನ್ನ ಮಗಳು